ಹುಲಿ ಬಂತು, ಚೋಮ ಬರಲಿಲ್ಲ

ಪಿಎಚ್.ಡಿ. ಮಾಡುವವರಿಗೆ ಹಿಂದಿನ ಕಷ್ಟ ಈಗಿಲ್ಲ. ಲೈಬ್ರರಿಯ ಧೂಳು ಕುಡಿದು, ಕಾರ್ಡಿನ ಮೇಲೆ ಲೇಖಕ, ಇಸವಿ, ಪುಟ ಬರೆದು, ಆ ಕಾರ್ಡುಗಳನ್ನು ಚಪ್ಪಲಿಯ ಖಾಲಿ ಬಾಕ್ಸಿನಲ್ಲಿ ತುಂಬಿಡುವ ಕಾಲ ಹೋಯಿತು. ಈಗ ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಎಲ್ಲಾದರೂ ಕಾಫಿ ಹೇಳಿ ಕೂತು, ಪಬ್‌ಮೆಡ್ ಎಂಬ ಲೇಖನಗಳ ಡೇಟಾಬೇಸ್ ತೆರೆದು, ಬಂದದ್ದಕ್ಕೆಲ್ಲ ಒಟ್ಟಿಗೆ ಟಿಕ್ ಹಾಕಿ ಎಕ್ಸ್‌ಪೋರ್ಟ್ ಒತ್ತಿದರಾಯಿತು. ಕಾಫಿ ಆರುವ ಮೊದಲು ಇನ್ನೂರು ಲೇಖನಗಳ ವಿವರ ಉಲ್ಲೇಖ ಜೋಡಿಸುವ ತಂತ್ರಾಂಶಗಳಾದ ಝೊಟೆರೊದಲ್ಲೋ ಮೆಂಡೆಲೆಯಲ್ಲೋ ಬಂದು ಬಿದ್ದಿರುತ್ತದೆ. ವರ್ಡಿನಲ್ಲಿ ಇನ್ನೊಂದು ಗುಂಡಿ ಒತ್ತಿದರೆ ಉಲ್ಲೇಖಗಳ ಪಟ್ಟಿ ರೆಡಿ. ಬಾಕಿ ಉಳಿದದ್ದು ಓದುವುದೊಂದೇ. ಅದಕ್ಕಿನ್ನೂ ಗುಂಡಿ ಬಂದಿಲ್ಲವಾದ್ದರಿಂದ ಸದ್ಯಕ್ಕೆ ಬಿಟ್ಟಿದ್ದಾರೆ.

"ಇದನ್ನೆಲ್ಲ ಓದಿದ್ದೀರಾ?" ಎಂದು ಗೈಡ್ ಕೇಳುವುದು ಅಪರೂಪ. ಕೇಳಿದರೂ "ಎಲ್ಲ ಇಂಪೋರ್ಟ್ ಆಗಿದೆ ಸರ್" ಎಂದರೆ ಅವರಿಗೆ ಸಮಾಧಾನ. ನಮ್ಮ ಕಡೆಯ ಮದುವೆ ಕಾಗದದಲ್ಲಿ ಸುಖಾಗಮನ ಬಯಸುವವರೆಂದು ಮುಂಬೈಯ ಮಾವನಿಂದ ಹಿಡಿದು ಮೊನ್ನೆ ಹುಟ್ಟಿದ ಮಗುವಿನವರೆಗೆ ಹೆಸರು ಹಾಕುತ್ತಾರಲ್ಲ, ಈ ಪಟ್ಟಿಯೂ ಹಾಗೆಯೇ. ಯಾರನ್ನೂ ಕೇಳಿ ಹಾಕಿದ್ದಲ್ಲ, ಬಿಟ್ಟರೆ ಬೇಜಾರಾದೀತೆಂದು ಹಾಕಿದ್ದು.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ ಮಾರಾಯ್ರೆ. 2003ರಲ್ಲಿ ಕ್ಯಾಲಿಫೋರ್ನಿಯಾದ ಸಿಮ್‌ಕಿನ್ ಮತ್ತು ರಾಯ್‌ಚೌಧುರಿ ಎಂಬಿಬ್ಬರು ಉಲ್ಲೇಖಗಳಲ್ಲಿನ ಅಚ್ಚಿನ ತಪ್ಪುಗಳ ಬೆನ್ನು ಹತ್ತಿದರು. ಒಬ್ಬ ಪುಟಸಂಖ್ಯೆ ತಪ್ಪಾಗಿ ಬರೆದರೆ ಮುಂದಿನವರೂ ಅದೇ ತಪ್ಪನ್ನು ಶ್ರದ್ಧೆಯಿಂದ ಬರೆಯುತ್ತಾ ಹೋಗಿದ್ದರು. ಮೂಲವನ್ನು ಓದಿ ಉಲ್ಲೇಖಿಸುವವರು ಐವರಲ್ಲಿ ಒಬ್ಬರಷ್ಟೇ ಎಂದು ಅವರ ಅಂದಾಜು. ಇನ್ನೂ ಚಂದದ್ದು ವಾನ್ ಡರ್ ಗೀರ್ ಎಂಬವರ ಕತೆ. 2000ದಲ್ಲಿ ಅವರು ವೈಜ್ಞಾನಿಕ ಲೇಖನ ಬರೆಯುವ ಕಲೆಯ ಮೇಲೆ ಬರೆದ ಪ್ರಬಂಧವನ್ನು ನೂರಾರು ವಿದ್ವಾಂಸರು ಉಲ್ಲೇಖಿಸಿದ್ದಾರೆ. ಅಂಥ ಪ್ರಬಂಧವೇ ಇಲ್ಲ. ಉಲ್ಲೇಖ ಹೇಗೆ ಬರೆಯಬೇಕೆಂದು ತೋರಿಸಲು ಪ್ರಕಾಶಕರು ಕೊಟ್ಟ ಮಾದರಿ ಅದು. ಮಾದರಿಯನ್ನು ಅಳಿಸಲು ಮರೆತವರ ಕೃಪೆಯಿಂದ ಆ ಪುಣ್ಯಾತ್ಮರು ಬದುಕಿದ್ದಾರೆ.

ಇಲ್ಲದವರಿಗೆ ಇಷ್ಟು ಮರ್ಯಾದೆ. ಇದ್ದ ನಮ್ಮವರ ಪಾಡು ನೋಡಿ. ಡೇಟಾಬೇಸಿನಿಂದ ಇಳಿಯುವ ಆರ್‌ಐಎಸ್ ಫೈಲಿನಲ್ಲಿ 'ಎಯು' ಎಂದೊಂದು ಸಾಲು ಇರುತ್ತದೆ, ಅದು ಲೇಖಕನ ಜಾಗ. ಮೊದಲು ಮನೆತನ, ಅಲ್ಪವಿರಾಮ, ಆಮೇಲೆ ಸ್ವಂತ ಹೆಸರು. ಅಲ್ಪವಿರಾಮ ಇಲ್ಲದಿದ್ದರೆ ಕೊನೆಯಲ್ಲಿ ಬಂದದ್ದೇ ಮನೆತನವಾಗುವುದೂ ಉಂಟು. 1975ರಲ್ಲಿ ಇಂಗ್ಲಿಷಿನಲ್ಲಿ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಅಧ್ಯಯನವನ್ನು ಪ್ರಕಟಿಸಿದ ಪಾದೂರು ಗುರುರಾಜ ಭಟ್ಟರನ್ನು 'ಗುರುರಾಜ ಭಟ್ ಪಿ' ಎಂದು ಈ ಯಂತ್ರಕ್ಕೆ ಕೊಟ್ಟರೆ ಅವರು 'ಪಿ' ಮನೆತನದ ಜಿ.ಬಿ. ಆಗಿ ಹೊರಬರುತ್ತಾರೆ. ಇನ್ನೊಂದು ಕಡೆಯಿಂದ ಇಳಿಸಿದರೆ ಭಟ್ ಪಿ.ಜಿ. ಮತ್ತೊಂದು ಕಡೆಯಿಂದ ಎರಡು 'ಟ'ಕಾರದ ಭಟ್ಟ. ಒಂದೇ ಪ್ರಬಂಧದ ಕೊನೆಯಲ್ಲಿ ಮೂವರು ಇತಿಹಾಸಕಾರರು, ಒಂದೇ ಪುಸ್ತಕ. ಕಾಪು ತಾಲೂಕಿನ ಪಾದೂರಿನಲ್ಲಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲಕ್ಕೆ ಜಾಗ ಮಾಡಿದ್ದಾರೆ. ಅದೇ ಪಾದೂರಿನ ಒಂದು 'ಪಾ'ಗೆ ಈ ತಂತ್ರಾಂಶದಲ್ಲಿ ಜಾಗ ಇಲ್ಲ.

ಸ್ಕೋಪಸ್ ಎಂಬ ಡೇಟಾಬೇಸಿನಲ್ಲಿ ಕಾರಂತ ಎಂದು ಹುಡುಕಿ. ಹುಲಿ ಬರುತ್ತದೆ, ಚೋಮ ಬರುವುದಿಲ್ಲ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಹುಲಿಗಳ ಎಣಿಕೆಯ ಬಗ್ಗೆ ಬರೆದದ್ದು ಒಂದೇ ಕ್ಲಿಕ್ಕಿಗೆ ಇಳಿಯುತ್ತದೆ. ಅದು ದೊಡ್ಡ ಕೆಲಸವೇ, ಅದರಲ್ಲಿ ತಕರಾರಿಲ್ಲ. ಆದರೆ 'ಚೋಮನ ದುಡಿ' ಬರೆದ ಅಪ್ಪ ಕೋಟ ಶಿವರಾಮ ಕಾರಂತರನ್ನು ಕೈಯಿಂದ ಟೈಪ್ ಮಾಡಬೇಕು. ಯಕ್ಷಗಾನದ ಮೇಲೆ ಪ್ರಬಂಧ ಬರೆಯುವವನಿಗೆ ಅಷ್ಟು ಪುರುಸೊತ್ತು ಎಲ್ಲಿಯದು? ಭೂತಾರಾಧನೆಯ ಮೇಲೆ ಬರೆಯುವವನದ್ದೂ ಅದೇ ಗೋಳು. ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ 6 ಸಂಪುಟಗಳ ತುಳು ನಿಘಂಟು ಹೊರತಂದಿದೆ. ಮಣಿಪಾಲದಲ್ಲಿ ಬಸ್ಸು ಹತ್ತಿ ಕುಂಜಿಬೆಟ್ಟಿನಲ್ಲಿ ಇಳಿದರೆ ನೋಡಬಹುದು. ಬಸ್ಸಿನಿಂದ ಇಳಿಯುವುದಕ್ಕಿಂತ ಫೈಲು ಇಳಿಸುವುದು ಸುಲಭವಾದ್ದರಿಂದ ಭೂತಕೋಲದ ಬಗ್ಗೆ ಸಮುದ್ರದಾಚೆಯವರು ಹೇಳಿದ್ದೇ ಪ್ರಮಾಣ.

ಹಟ ಹಿಡಿದು ಕನ್ನಡ ಪುಸ್ತಕವನ್ನು ಸೇರಿಸಹೊರಟವರೂ ಇದ್ದಾರೆ. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟಿನಲ್ಲಿದ್ದ ಪಟ್ಟಿಯನ್ನು ಕಾಪಿ ಹೊಡೆದರೆ ಪುಸ್ತಕದ ಹೆಸರಿನ ಜಾಗದಲ್ಲಿ ಕೊಂಬು, ಟೋಪಿ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಅದನ್ನು ಹಾಗೆಯೇ ಅಚ್ಚು ಹಾಕಿಸಿ ಬೈಂಡ್ ಮಾಡಿಸಿದರೂ ಯಾರೂ ಕೇಳುವುದಿಲ್ಲ, ಅದನ್ನು ಓದಲು ಯಾರೂ ಅಷ್ಟು ದೂರ ಬರುವುದಿಲ್ಲವಲ್ಲ. ಯು.ಜಿ.ಸಿ.ಯ 2018ರ ನಿಯಮದಂತೆ ಶೇಕಡಾ 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಕೃತಿಚೌರ್ಯದ ಪ್ರಶ್ನೆ ಏಳುತ್ತದೆ. ಉಲ್ಲೇಖಗಳ ಪಟ್ಟಿ ಮಾತ್ರ ಆ ಲೆಕ್ಕಕ್ಕಿಲ್ಲ. ಗೈಡ್ ನೋಡದ ಜಾಗವನ್ನು ಯಂತ್ರವೂ ನೋಡಬಾರದೆಂದು ಕಾನೂನೇ ಆಯಿತು.

ಕಾರ್ಕಳ ತಾಲೂಕಿನ ನಂದಳಿಕೆಯ ಕವಿ ಮುದ್ದಣನನ್ನು ಈ ಯಂತ್ರದೆದುರು ನಿಲ್ಲಿಸಿದರೆ ಏನಾಗುತ್ತಿತ್ತೋ! ಉಡುಪಿಯ ಶಾಲೆಯೊಂದರಲ್ಲಿ ಹುಡುಗರಿಗೆ ಡ್ರಿಲ್ ಮಾಡಿಸುತ್ತಿದ್ದ, ಲಕ್ಷ್ಮೀನಾರಣಪ್ಪ ಎಂಬ ನಿಜ ಹೆಸರಿನ ಈತ ತಾನೇ ಬರೆದದ್ದನ್ನು ಯಾರೋ ಹಳೆಯ ಕವಿಯ ಕೃತಿ ಎಂಬಂತೆ ಮೈಸೂರಿಗೆ ಕಳಿಸಿದ. ಬರೆದು ಹೆಸರು ಮುಚ್ಚಿಟ್ಟವನು 1901ರಲ್ಲಿ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಬರೆಯದೆ, ಹುಟ್ಟದೆ, ಬರಿಯ ಮಾದರಿಯಾಗಿದ್ದ ವಾನ್ ಡರ್ ಗೀರ್ ವಿದ್ವತ್ ಲೋಕದಲ್ಲಿ ಈಗಲೂ ಸುಖವಾಗಿದ್ದಾರೆ.

ವೈವಾಕ್ಕೆ ಬರುವ ಹಿರಿಯರಲ್ಲಿ ಒಂದು ವಿನಂತಿ. ಶಾಲು, ಹಾರ, ಊಟ ಎಲ್ಲ ಇರಲಿ. ಅದಕ್ಕೆ ಮೊದಲು ಪಟ್ಟಿಯ ನಡುವಿನಿಂದ ಯಾವುದಾದರೂ ಒಂದು ನಂಬರು ಹೇಳಿ, ಅದರಲ್ಲಿ ಏನು ಬರೆದಿದೆ ಎಂದು ಕೇಳಿ. ಹಾಗೆ ಕೇಳಬೇಕಾದರೆ ಅದನ್ನು ನೀವೂ ಓದಿರಬೇಕಾಗುತ್ತದೆ, ತೊಂದರೆ ಇರುವುದು ಅಲ್ಲಿಯೇ.