ಮೂರರಾಗ ಒಂದು ಮಲಗ್ಯಾದ

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಅಡುಗೆಯ ಚರಗ ಚೆಲ್ಲಲು ಹೋಗುವವರು ಎತ್ತಿನ ಬಂಡಿ ಕಟ್ಟಬೇಕು. ನಾನು 1994ರ ಮಾರುತಿ 800 ಕಟ್ಟಿದೆ. ತಪ್ಪಿದ್ದು ಅಲ್ಲೇ.

ಹಿಂದಿನ ಸೀಟಿನಲ್ಲಿ ಬುಟ್ಟಿ. ಬುಟ್ಟಿಯೊಳಗೆ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಬುಟ್ಟಿಯ ಪಕ್ಕದಲ್ಲಿ ಅಂಬಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡ ನಮ್ಮ ಮನೆಯಾಕೆ. ಮುಂದೆ ನಮ್ಮ ಅಣ್ಣ; ಅವನ ತೊಡೆಯ ಮೇಲೆ ಏನೂ ಇರಲಿಲ್ಲ, ಆದರೂ ಹಬ್ಬದ ಪೂರ್ತಿ ಭಾರ ತಾನೇ ಹೊತ್ತವನ ಹಾಗೆ ಕೂತಿದ್ದ. ನಸುಕಿನ ಮಂಜು ಇನ್ನೂ ತೊಗರಿ ಗಿಡದ ಮೇಲೆ ಕೂತಿತ್ತು. ಕುರಕುಂಟಾ ದಾಟುವ ಮೊದಲೇ ಗಾಡಿ ಕೆಮ್ಮಲು ಶುರು ಮಾಡಿತು. ಡುರ್ ಡುರ್ ಟಪ್, ಡುರ್ ಡುರ್ ಟಪ್. ಪ್ರತಿ ಟಪ್ಪಿಗೂ ಗಡಿಗೆಯ ಅಂಬಲಿ ಒಂದೊಂದು ಗುಟುಕು ಮೇಲೆದ್ದು ಇಳಕಲ್ ಸೀರೆಯ ಮೇಲೆ ಚರಗ ಚೆಲ್ಲಿತು.

"ಮೊದಲ ಇಳಸ್ರಿ ನನಗ," ಅಂದಳಾಕೆ.

ನಮ್ಮಲ್ಲಿ ಗಾಡಿಯ ಈ ಕೆಮ್ಮಿಗೆ 'ಮಿಸ್ಸಿಂಗ್ ಹೊಡಿತದ' ಅನ್ನುತ್ತಾರೆ. ಮನುಷ್ಯನಿಗೆ ಬಿಕ್ಕಳಿಕೆ ಇದ್ದಂತೆ. ಬಿಕ್ಕಳಿಕೆಗೆ ಔಷಧ ಗೊತ್ತಿಲ್ಲದವನು ಊರಲ್ಲಿ ಹೇಗೆ ಒಬ್ಬನೂ ಇಲ್ಲವೋ, ಹಾಗೆಯೇ ಮಿಸ್ಸಿಂಗಿನ ಕಾರಣ ಗೊತ್ತಿಲ್ಲದವನೂ ಇಲ್ಲ. ಬಾನೆಟ್ ಎತ್ತಿದ್ದೇ ತಡ, ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದವರೆಲ್ಲ ಬಂದು ಸುತ್ತ ನಿಂತರು. ಇದೇ ಸೇಡಂ ತಾಲೂಕಿನ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ ಆಸ್ಥಾನ ನಡೆಸಿದ. ಅವನ ಸುತ್ತಲೂ ಒಂದೇ ಹೊತ್ತಿಗೆ ಇಷ್ಟು ಪಂಡಿತರು ನಿಂತಿರಲಿಕ್ಕಿಲ್ಲ.

ಮೊಣಕಾಲು ನೋವಿನ ಕಾಕಾ ಅಂದ: "ಥಂಡಿ ಹಿಡದದ." ದಿನಸಿ ಅಂಗಡಿಯವ ಅಂದ: "ಪೆಟ್ರೋಲದಾಗ ಬೆರಕಿ." ಅವನ ಅಂಗಡಿಯ ಒಳ್ಳೆಣ್ಣೆ ಕೊಂಡವರು ಯಾರೂ ಬಾಯಿ ತೆರೆಯಲಿಲ್ಲ. ಸಿಮೆಂಟ್ ಕಾರ್ಪೊರೇಷನ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ಹಿರಿಯರು, "ಪಾಯಿಂಟ್ ಸುಟ್ಟಾವ, ನಾ ಬರದು ಕೊಡ್ತೀನಿ," ಅಂದರು. ಫ್ಯಾಕ್ಟರಿ 1990ರ ದಶಕದ ಕೊನೆಗೇ ಬಂದ್ ಆಯಿತು. ಅದರ ಫಿಟ್ಟರುಗಳ ಅಭಿಪ್ರಾಯ ಮಾತ್ರ ಇನ್ನೂ ಮೂರು ಪಾಳಿಯಲ್ಲಿ ನಡೆಯುತ್ತದೆ. ಒಟ್ಟಿನಲ್ಲಿ ಯಾರ ಮೈಯಲ್ಲಿ ಏನಿತ್ತೋ ಅದನ್ನೇ ಗಾಡಿಯಲ್ಲಿ ಕಂಡರು. ಸಕ್ಕರೆ ಕಾಯಿಲೆಯವರು ಒಬ್ಬರೂ ಬಂದಿರಲಿಲ್ಲವೆಂದು ಪೆಟ್ರೋಲಿನ ಸಿಹಿ ಯಾರೂ ನೋಡಲಿಲ್ಲ.

ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ನಮ್ಮ ಅಳಿಯನ ದಾರಿಯೇ ಬೇರೆ. ಬೆಂಕಿಪೊಟ್ಟಣದಷ್ಟು ಒಂದು ಯಂತ್ರ ತೆಗೆದು, "ಮಾಮಾ, ಇದನ್ನ ಚುಚ್ಚೋ ಪೋರ್ಟ್ ಎಲ್ಲದ?" ಅಂದ. ಹೊಸ ಗಾಡಿಯಾದರೆ ಅದರ ಕಂಪ್ಯೂಟರೇ ಹೇಳಿಬಿಡುತ್ತದಂತೆ: ಪಿ0300 ಬಂದರೆ ಎಲ್ಲೆಲ್ಲೋ ಮಿಸ್ಸಿಂಗ್, ಪಿ0302 ಬಂದರೆ ಎರಡನೇ ಸಿಲಿಂಡರ್. ಅವನು ಸ್ಟೀರಿಂಗ್ ಕೆಳಗೆಲ್ಲ ಕೈಯಾಡಿಸಿದ. ಸಿಕ್ಕಿದ್ದು ಹೋದ ವರ್ಷದ ಎಳ್ಳ ಅಮಾವಾಸ್ಯೆಯ ಅರ್ಧ ಹೋಳಿಗೆ. ಅಷ್ಟಕ್ಕೆ ಬಿಡದೆ ಮೊಬೈಲಿನಲ್ಲಿ ಓದಿ, "ಕಾರ್ಬುರೇಟರಿನೊಳಗ ಹಿಮ ಕಟ್ಟಿರಬಹುದು" ಅಂದ. ಮೇ ತಿಂಗಳಲ್ಲಿ ಪರಸಿ ಕಲ್ಲಿನ ಮೇಲೆ ರೊಟ್ಟಿ ಸುಡುವಂಥ ಸೀಮೆ ನಮ್ಮದು, ಕಟ್ಟೆಯೆಲ್ಲ ನಕ್ಕಿತು. ಆದರೆ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಕಾವನ್ನು ಹೀರುತ್ತದೆ. ಹವೆಯಲ್ಲಿ ತೇವ ಹೆಚ್ಚಿದ್ದರೆ, ಹೊರಗೆ ಹತ್ತು ಹನ್ನೆರಡು ಡಿಗ್ರಿ ಇದ್ದಾಗಲೂ ಕಾರ್ಬುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟಬಲ್ಲದು. ಅದನ್ನು ನಾನು ಆಗ ಹೇಳಲಿಲ್ಲ. ಅಳಿಯಂದಿರು ಹೇಳಿದ್ದು ಖರೇ ಅಂತ ನಾಲ್ಕು ಮಂದಿಯ ಮುಂದೆ ಒಪ್ಪಿದ ಮಾಮಾ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಮನೆಯಾಕೆ, ಅಣ್ಣ, ಬುಟ್ಟಿ, ಗಡಿಗೆ ನಾಲ್ಕೂ ಪಕ್ಕದ ಮನೆಯವರ ಎತ್ತಿನ ಬಂಡಿ ಹತ್ತಿದವು. ನಾನು ಒಬ್ಬನೇ ಸೇಡಂ ದಾರಿ ಹಿಡಿದೆ.

ಸೇಡಂ ತಲುಪುವಾಗ ಹನ್ನೊಂದು ಗಂಟೆ. ಬಿಸಿಲು ಬಿದ್ದಿತ್ತು. ಗಾಡಿ ರಿಪೇರಿಯ ಉಸ್ತಾದ್ ಅಂಗಡಿಯ ಮುಂದೆ ನಿಲ್ಲಿಸಿದೆ, ಗಾಡಿ ಬಾಣಂತಿ ಬೆಕ್ಕಿನ ಹಾಗೆ ಗುರುಗುಟ್ಟುತ್ತಿದೆ. ಒಂದೇ ಒಂದು ಟಪ್ ಇಲ್ಲ. ಡಾಕ್ಟರ ಮುಂದೆ ಕೆಮ್ಮು ನಿಲ್ಲುವ ಜಾತಿ ಇದು. ಉಸ್ತಾದ್ ಕಿವಿಗೊಟ್ಟು ಕೇಳಿದರು. ಬೀಡಿ ಹಚ್ಚಿದರು. ಆಮೇಲೆ ನನ್ನನ್ನು ನೋಡಿ ಅಂದರು: "ಗಾಡಿ ಭೇಷ್ ಅದ್ರಿ. ನಿಮ್ಮ ತಬ್ಬೇತ ಹ್ಯಾಂಗದ?"

ನಾನು ಪೂರ್ತಿ ಕತೆ ಹೇಳಿದೆ. ಅವರು ಕೇಳಿದ ಪ್ರಶ್ನೆ ಮೂರೇ. ಮುಂಜಾನಿ ಅಷ್ಟೇನೋ ದಿನಪೂರ್ತಿಯೋ? ನಿಂತಾಗಲೋ ಏರಿನಲ್ಲೋ? ಚೋಕ್ ಎಷ್ಟು ಹೊತ್ತು ಎಳೆದಿದ್ದಿರಿ? ಮೂರನೆಯದಕ್ಕೆ ನಾನು ತಲೆ ಕೆರೆದುಕೊಂಡೆ. ಉಸ್ತಾದ್ ಒಳಗೆ ಬಗ್ಗಿ ನೋಡಿದರು. ಚೋಕಿನ ಗುಬ್ಬಿ ಇನ್ನೂ ಅರ್ಧ ಹೊರಗೇ ಇತ್ತು. "ಕುರಕುಂಟಾದಿಂದ ಸೇಡಂ ತನಕ ಗಾಡಿಗೆ ತುಪ್ಪ ಉಣಿಸ್ಕೋತ ಬಂದೀರಿ," ಅಂದರು.

ಥಂಡಿಯಲ್ಲಿ ಪೆಟ್ರೋಲು ಸೋಮಾರಿ, ಸರಿಯಾಗಿ ಆವಿಯಾಗುವುದಿಲ್ಲ. ಕಾದ ಎಂಜಿನ್ನಿಗೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಹವೆ ಇದ್ದರೆ ಹದ. ತಣ್ಣಗಿದ್ದಾಗ ಹಾಕಿದ್ದರಲ್ಲಿ ಬಹಳಷ್ಟು ಎಂಜಿನ್ನಿನ ಒಳಗೋಡೆಗೇ ಅಂಟಿಕೊಳ್ಳುತ್ತದೆ, ಆದ್ದರಿಂದ ಚೋಕ್ ಎಳೆದು ಹವೆ ಕಡಿಮೆ ಮಾಡಿ ಪೆಟ್ರೋಲು ಹೆಚ್ಚು ಬಡಿಸುವುದು. ಕಾದ ಮೇಲೂ ಬಡಿಸುತ್ತಲೇ ಇದ್ದರೆ ಪ್ಲಗ್ಗಿನ ಮೂತಿ ಕಪ್ಪಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬೇರೆ. ಅದಕ್ಕೆ ಆವಿಯಾಗಲು ಇನ್ನೂ ಹೆಚ್ಚು ಕಾವು ಬೇಕು. ನೀರು ಕಂಡರೆ ಅಪ್ಪಿಕೊಳ್ಳುವ ಗುಣವೂ ಉಂಟು. ಹಳೇ ಗಾಡಿಯ ರಬ್ಬರಿಗೆ ಅದು ಹೊಸ ಸೊಸೆ; ಹೊಂದಿಕೊಂಡೀತೆಂದು ಯಾರೂ ಆಣೆ ಮಾಡಿಲ್ಲ.

"ಚೋಕಿಂದು ಆಮ್ಯಾಲ. ಇವತ್ತು ಗಾಡಿ ಇಲ್ಲೇ ಬಯಲಾಗ ಮಲಗಲಿ. ಕೋಳಿ ಕೂಗೋ ಹೊತ್ತಿಗೆ ಬರ್ರಿ."

"ನೀರು ಚಿಮುಕಿಸಿ ಈಗಲೇ ನೋಡಬಹುದಲ್ರಿ?"

"ನೋಡಬಹುದು. ಆದ್ರ ದೇವರ ಇಬ್ಬನಿ ಪುಕ್ಕಟೆ ಬೀಳ್ತದ, ಮ್ಯಾಲ ಕತ್ತಲ ಬೇಕು ನನಗ."

ರಾತ್ರಿ ಬೀಗರ ಮನೆಯಲ್ಲಿ ಮಲಗಿದೆ. ನಸುಕಿನಲ್ಲಿ ಮಫ್ಲರ್ ಸುತ್ತಿಕೊಂಡು ಹೋದಾಗ ಉಸ್ತಾದ್ ಆಗಲೇ ಬಂದಿದ್ದರು. ಬಾನೆಟ್ಟಿನ ಮೇಲೆ ಬೆರಳಿಂದ ಹೆಸರು ಬರೆಯುವಷ್ಟು ಇಬ್ಬನಿ. ಸ್ಟಾರ್ಟ್ ಮಾಡಿಸಿದರು. ಡುರ್ ಡುರ್ ಟಪ್. ಕಳ್ಳ ಸಿಕ್ಕ! ಟಾರ್ಚ್ ಆರಿಸಿ, "ಈಗ ನೋಡ್ರಿ," ಅಂದರು. ಕತ್ತಲಲ್ಲಿ ಒಂದು ವೈರಿನ ಮೈಮೇಲೆ ನೀಲಿ ಕಿಡಿ ಪುಟ್ಟ ಹಾವಿನ ಹಾಗೆ ಹರಿದಾಡುತ್ತಿತ್ತು. ನೋಡಲು ದೀಪಾವಳಿ, ಕೇಳಲು ಟಪ್.

ಕತೆ ಇಷ್ಟೇ. 12 ವೋಲ್ಟಿನ ಬ್ಯಾಟರಿಯ ಕರೆಂಟನ್ನು ಕಾಯಿಲ್ ಹತ್ತಿಪ್ಪತ್ತು ಸಾವಿರ ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕಳಿಸುತ್ತದೆ. ಎಂಜಿನ್ ಸುಮ್ಮನೆ ನಿಂತು ನಿಮಿಷಕ್ಕೆ 800 ಸುತ್ತು ಸುತ್ತುವಾಗ ಒಂದೊಂದು ಸಿಲಿಂಡರಿನಲ್ಲಿ 400 ಸಲ ಕಿಡಿ ಹತ್ತಬೇಕು. ಅಷ್ಟು ಒತ್ತಡದ ಕರೆಂಟಿಗೆ ತಾಳ್ಮೆ ಇಲ್ಲ. ಪ್ಲಗ್ಗಿಗಿಂತ ಸಮೀಪದ ದಾರಿ ಕಂಡರೆ ಅಲ್ಲೇ ಇಳಿಯುತ್ತದೆ. ಚಿತ್ತಾಪುರ, ವಾಡಿ, ಶಹಾಬಾದ ಎಲ್ಲಿ ಹೋದರೂ ನಮ್ಮದು ಸುಣ್ಣಕಲ್ಲಿನ ನೆಲ. ಆ ಬಿಳಿ ಧೂಳು ವರ್ಷವಿಡೀ ವೈರಿನ ಮೇಲೆ ಕೂತಿರುತ್ತದೆ. ಒಣಗಿದ್ದಾಗ ಪಾಪದ್ದು. ಇಬ್ಬನಿ ಬಿದ್ದು ನೆನೆದರೆ ಅದೇ ಕರೆಂಟು ಹೋಗಲು ಕಾಲುದಾರಿ. ಕೆಳಗೆ ವೈರಿನ ಸಿಪ್ಪೆ ಬಿರಿದಿದ್ದರಂತೂ ಹೆದ್ದಾರಿ. ಬಿಸಿಲೇರಿ ಎಂಜಿನ್ ಕಾದ ಮೇಲೆ ತೇವ ಆರುತ್ತದೆ, ಕಿಡಿ ಮರ್ಯಾದೆಯಿಂದ ಪ್ಲಗ್ಗಿಗೆ ಹೋಗುತ್ತದೆ, ಹನ್ನೊಂದು ಗಂಟೆಗೆ ಸೇಡಂಗೆ ಬಂದವನು ಹುಚ್ಚನಾಗುತ್ತಾನೆ.

ಕಣ್ಣಿಗೆ ಕಂಡರೂ ಉಸ್ತಾದ್ ನಂಬಲಿಲ್ಲ. ಒಣ ಬಟ್ಟೆ ಸುತ್ತಿದ ಇಕ್ಕಳ ಹಿಡಿದು, ಎಂಜಿನ್ ನಡೆಯುತ್ತಿರುವಾಗಲೇ ಮೊದಲನೇ ವೈರ್ ಕಿತ್ತರು. ಗಾಡಿ ಇನ್ನಷ್ಟು ನಡುಗಿತು. "ಇವ ದುಡಿಲಾಕತ್ತಾನ." ಹಾಕಿದರು. ಮೂರನೆಯದು ಕಿತ್ತರು. ಮತ್ತೂ ನಡುಗಿತು. "ಇವನೂ ದುಡಿಲಾಕತ್ತಾನ." ಎರಡನೆಯದು ಕಿತ್ತರು. ಏನೂ ಆಗಲಿಲ್ಲ. ಮೊದಲು ಹೇಗಿತ್ತೋ ಹಾಗೇ ಡುರ್ ಡುರ್ ಟಪ್.

"ಮೂರರಾಗ ಒಂದು ಮಲಗ್ಯಾದ. ಯಾವಂದು ಕಿತ್ತರ ಸಪ್ಪಳ ಬದಲಾಗಂಗಿಲ್ಲೋ, ಅವನೇ ಕೆಲಸಗೇಡಿ."

ಆಮೇಲೆ ಎಂಜಿನ್ ಬಂದ್ ಮಾಡಿ ಎರಡನೇ ಪ್ಲಗ್ ತೆಗೆದು ಮೂರಕ್ಕೆ, ಮೂರರದು ಎರಡಕ್ಕೆ ಹಾಕಿದರು. ರೋಗ ಪ್ಲಗ್ಗಿನ ಜೊತೆ ಹೋಗಲಿಲ್ಲ, ಎರಡರಲ್ಲೇ ಉಳಿಯಿತು. ವೈರ್ ಅದಲು ಬದಲು ಮಾಡಿದರು. ರೋಗ ವೈರಿನ ಹಿಂದೆಯೇ ಎದ್ದು ಹೋಯಿತು. ನಾನು ಕೈ ಹಚ್ಚಲು ಹೋದಾಗ, "ಬ್ಯಾಡ್ರಿ, ಹಲ್ಲು ಜುಂ ಅಂತಾವ. ಹೊಸ ಗಾಡಿಗಂತೂ ಹಿಂಗ ಕೀಳಲೇಬಾರದು, ಅದರ ಎಲೆಕ್ಟ್ರಾನಿಕ್ ಸುಟ್ಟು ಹೋಗ್ತದ," ಅಂದರು.

ವೈರ್ ಸೆಟ್ ಕಲಬುರಗಿಯಿಂದ ಬಸ್ಸಿನಲ್ಲಿ ಬರುವುದಕ್ಕೆ ಮತ್ತೊಂದು ದಿನ ಹಿಡಿಯಿತು. ಅದರ ಬೆಲೆ ಹಬ್ಬಕ್ಕೆ ತಂದ ಶೇಂಗಾದಷ್ಟೂ ಆಗಲಿಲ್ಲ. ಫಿಟ್ಟರ್ ಹಿರಿಯರ ಪಾಯಿಂಟ್, ಕಾಕಾನ ಥಂಡಿ, ಅಂಗಡಿಯವನ ಬೆರಕಿ ಯಾವುದೂ ಅಲ್ಲ. ಆದರೆ ಊರಿಗೆ ಬಂದು ವೈರ್ ಅಂದ ಕೂಡಲೇ ಕಟ್ಟೆಯ ಮೇಲಿದ್ದ ಎಲ್ಲರೂ, "ನಾ ಆವತ್ತೇ ಅಂದಿದ್ದಿಲ್ಲೇನು?" ಅಂದರು.

ಮನೆಯಲ್ಲಿ ಎಲ್ಲ ಶಾಂತ. ಚರಗ ಚೆಲ್ಲಿಯಾಗಿತ್ತು, ಗಡಿಗೆ ತೊಳೆದು ಬೋರಲು ಹಾಕಿಯಾಗಿತ್ತು. ಕೊಟ್ಟಿಗೆಯ ಹಾಲು ಡೇರಿಗೆ ಹೋಗಿತ್ತು, ಅಣ್ಣ ಹಬ್ಬ ಹೊತ್ತ ದಣಿವಿನಲ್ಲಿ ಮಲಗಿದ್ದ. ನಾನು ಉಸ್ತಾದರ ವೈರ್ ಕೀಳುವ ವಿದ್ಯೆಯನ್ನು ಮನೆಯಾಕೆಗೆ ಬಣ್ಣಿಸಿ ಬಣ್ಣಿಸಿ ಹೇಳಿದೆ. ಆಕೆ ಇಳಕಲ್ ಸೀರೆಯ ಅಂಬಲಿ ಕಲೆ ತಿಕ್ಕುತ್ತಾ ಪೂರ್ತಿ ಕೇಳಿದಳು.

"ಹಂಗಂದ್ರ ನಾನೂ ನೋಡಿದಂಗಾತು," ಅಂದಳು. "ಎರಡು ದಿನ ನೀವು ಇದ್ದಿದ್ದಿಲ್ಲ. ಮನಿ ಸಪ್ಪಳ ಏನೂ ಬದಲಾಗಲಿಲ್ರಿ."

ಭಜ್ಜಿ ಉಳಿದಿದೆಯೇನು ಎಂದು ಕೇಳಿದೆ.