ಅಪ್ಸರಕೊಂಡದ ಎರಡನೆಯ ಜಲಪಾತ: ಜೀರ್ಣೋದ್ಧಾರ ತಜ್ಞರ ವರದಿ

ಅಪ್ಸರಕೊಂಡದಲ್ಲಿ ಜಲಪಾತ ಎರಡು. ಒಂದು ಎಲ್ಲರೂ ಬಲ್ಲದ್ದು. ಹೊನ್ನಾವರದಿಂದ ಹೊರಟು ಕಾಸರಕೋಡ ದಾಟಿದರೆ ಸಿಗುತ್ತದೆ. ಮಳೆಗಾಲದಲ್ಲಿ ಅಬ್ಬರಿಸಿ, ಬೇಸಿಗೆಯಲ್ಲಿ ಬಡಕಲಾಗುತ್ತದೆ. ಎರಡನೆಯದು, ಹೆಸರು ಬೇಡದ ಒಂದು ಸಮಿತಿಯ ಜಾಲತಾಣದ ಮುಖಪುಟದಲ್ಲಿತ್ತು. ಅದಕ್ಕೆ ಹನ್ನೆರಡು ತಿಂಗಳೂ ಒಂದೇ ರಭಸ. ಹಿನ್ನೆಲೆಗೆ ಕೊಳಲು. ಮೌಸ್ ತಾಗಿಸಿದರೆ ನೀರಿನ ಮರೆಯಿಂದ ಅಪ್ಸರೆ ನಗುತ್ತಿದ್ದಳು.

ಈ ಎರಡನೆಯ ಜಲಪಾತ 2021ರ ಜನವರಿ 12ರಂದು ಬತ್ತಿತು. ಮೇಲೆ ಯಾರೋ ತೋಟಕ್ಕೆ ನೀರು ತಿರುಗಿಸಿಕೊಂಡಿರಬೇಕೆಂಬ ಗುಮಾನಿ ಸಮಿತಿಯಲ್ಲಿತ್ತು. ಅಧ್ಯಯನದಿಂದ ತಿಳಿದುಬಂದದ್ದು ಬೇರೆ. ಈ ನೀರು ಹರಿಯುತ್ತಿದ್ದದ್ದು ಫ್ಲ್ಯಾಶ್‌ನಲ್ಲಿ. ಅಡೋಬಿ ಕಂಪನಿ ತನ್ನ ಫ್ಲ್ಯಾಶ್ ಪ್ಲೇಯರ್‌ಗೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿ, ಜನವರಿ 12ರಿಂದ ಫ್ಲ್ಯಾಶ್ ಚಿತ್ರಗಳೇ ಓಡದಂತೆ ತಡೆಹಾಕಿತ್ತು. ತೀರಿಕೊಂಡ ದಿನವನ್ನೂ ಸೇರಿಸಿ ಎಣಿಸಿದರೆ ಅದು ಸರಿಯಾಗಿ ಹದಿಮೂರನೆಯ ದಿನ. ವೈಕುಂಠ ಸಮಾರಾಧನೆಯ ಪದ್ಧತಿ ಕ್ಯಾಲಿಫೋರ್ನಿಯಾದಲ್ಲೂ ಉಂಟೆಂಬುದು ನಮ್ಮ ಮೊದಲ ಸಂಶೋಧನೆ.

ಕಂಪನಿ ಇದನ್ನು ದಿಢೀರನೆ ಮಾಡಿದ್ದಲ್ಲ. 2017ರ ಜುಲೈಯಲ್ಲೇ ಡಂಗುರ ಸಾರಿತ್ತು. ಮೂರೂವರೆ ವರ್ಷ ಅವಧಿ ಸಿಕ್ಕಿತು. ಆ ಅವಧಿಯನ್ನು ಸಮಿತಿ ಸಂಪೂರ್ಣವಾಗಿ ಬಳಸಿಕೊಂಡಿತು.

ಒಳಪುಟಗಳು ಆಮೇಲೂ ಜೀವ ಹಿಡಿದಿದ್ದವು. 2010ರಲ್ಲೇ ರಾಷ್ಟ್ರೀಯ ಹೆದ್ದಾರಿ 17 ಹೋಗಿ 66 ಆಯಿತಾದರೂ, ತಾಣ ಪ್ರವಾಸಿಗರನ್ನು ಹಳೇ 17ರಲ್ಲೇ ಕರೆತರುತ್ತಿತ್ತು. 2020ರಲ್ಲಿ ಕಾಸರಕೋಡ ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದದ್ದು ಅದರ ಗಮನಕ್ಕೆ ಬರಲಿಲ್ಲ. ‘ಇತ್ತೀಚಿನ ಸುದ್ದಿ’ ವಿಭಾಗದಲ್ಲಿ ಇದ್ದದ್ದು ಒಂದೇ ಸುದ್ದಿ: ಜಾಲತಾಣದ ಉದ್ಘಾಟನೆ. ಒಂದು ರಾತ್ರಿ ಹೋಸ್ಟಿಂಗ್‌ನವರು ಸರ್ವರಿನ ಪಿಎಚ್‌ಪಿ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದರು. ತಾಣ ಬರೆದದ್ದು ಪಿಎಚ್‌ಪಿ 5ರ ಕಾಲದಲ್ಲಿ. ದತ್ತಾಂಶದ ಬಾಗಿಲು ತೆರೆಯಲು ಅದು ಬಳಸುತ್ತಿದ್ದ ಹಳೆಯ ಆಜ್ಞೆಗಳನ್ನು 2015ರ ಕೊನೆಗೆ ಬಂದ ಪಿಎಚ್‌ಪಿ 7ರಲ್ಲೇ ಕಿತ್ತುಹಾಕಲಾಗಿತ್ತು. ಬೆಳಗಾಗುವಾಗ ಉಳಿದದ್ದು ಬರೀ ಬಿಳಿ ಪುಟ. ಗೌರವಾಧ್ಯಕ್ಷರು ಅದನ್ನು ನೋಡಿ, ಈ ಸಲದ ವಿನ್ಯಾಸ ಗದ್ದಲವಿಲ್ಲದೆ ಚೆನ್ನಾಗಿದೆ ಎಂದರು.

ಇಂಥ ಪರಿಸ್ಥಿತಿಯಲ್ಲಿ ಏನು ಮಾಡಬೇಕೆಂದು ಕರಾವಳಿಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಗುಡಿ ಶಿಥಿಲವಾದರೆ ಮೊದಲು ಪ್ರಶ್ನೆ ಇಡುತ್ತೇವೆ. ಇಟ್ಟೆವು. ಮೂರು ದೋಷಗಳು ಕಂಡವು: ಅಪ್‌ಡೇಟ್ ಲೋಪ, ಬ್ಯಾಕಪ್ ಲೋಪ, ಮೂಲಕರ್ತೃವಿನ ಮುನಿಸು.

ಮೂರನೆಯದೇ ಉಗ್ರ. “ಪಾಸ್‌ವರ್ಡ್ ಮಾಣಿ ಹತ್ರ ಇದ್ದು, ಮಾಣಿ ಬೆಂಗ್ಳೂರಲ್ಲಿ ಇದ್ದ” ಎಂದರು ಖಜಾಂಚಿ. ತಾಣ ಕಟ್ಟಿದಾಗ ಮಾಣಿ ಇಂಜಿನಿಯರಿಂಗ್ ಮೂರನೇ ವರ್ಷ. ಸಂಭಾವನೆಯಾಗಿ ಶಾಲು, ಫಲತಾಂಬೂಲ ಸಂದಿತ್ತು. ಡೊಮೇನ್ ಅವನ ಹೆಸರಿನಲ್ಲಿ, ಎಚ್ಚರಿಕೆಯ ಮಿಂಚಂಚೆಗಳೆಲ್ಲ ಅವನು ಕಾಲೇಜು ಬಿಟ್ಟಾಗಲೇ ಮರೆತ ವಿಳಾಸಕ್ಕೆ. ಕೊನೆಗೆ ಪಾಸ್‌ವರ್ಡ್ ಖಜಾಂಚಿಯ ಮನೆಯ ಹಳೇ ಗೋಡೆ ಕ್ಯಾಲೆಂಡರಿನ ಬೆನ್ನಿಗೆ, ಅಡಕೆ ಲೆಕ್ಕದ ಕೆಳಗೆ ಪೆನ್ಸಿಲ್‌ನಲ್ಲಿ ಬರೆದದ್ದು ಸಿಕ್ಕಿತು. ಅದರ ಕಡೆಯ ಐದು ಅಂಕಿ ಪಾಸ್‌ವರ್ಡಿನದೋ ಆ ವರ್ಷದ ಚಾಲಿ ಅಡಕೆಯ ದರವೋ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಎರಡನ್ನೂ ಹಾಕಿ ನೋಡಿದೆವು. ಚಾಲಿ ದರಕ್ಕೆ ಬಾಗಿಲು ತೆರೆಯಿತು.

ಮುಂದಿನದು ಕಲಾಸಂಕೋಚ. ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸುವಂತೆ ತಾಣದಲ್ಲಿ ಉಳಿದದ್ದನ್ನು ಪೆನ್‌ಡ್ರೈವಿಗೆ ಇಳಿಸಬೇಕು. ಚಿತ್ರಗಳು ಇಳಿದವು, ಬರಹ ಅರ್ಧಂಬರ್ಧ. ಕಳೆದುಹೋದ ಪುಟಗಳನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್ ತನ್ನ ಪಾಡಿಗೆ ತಾನು ಪ್ರತಿ ಮಾಡಿಟ್ಟಿತ್ತು. ಊರಿನ ಇತಿಹಾಸವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ತರಿಸಬೇಕಾಯಿತು; ಸಮಿತಿ ಇದನ್ನು ‘ಅಂತರರಾಷ್ಟ್ರೀಯ ಮನ್ನಣೆ’ ಎಂದು ನಡಾವಳಿಯಲ್ಲಿ ದಾಖಲಿಸಿದೆ.

ಬಂದ ಬರಹ ಹಳೇ ‘ನುಡಿ’ ತಂತ್ರಾಂಶದಲ್ಲಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಾವು ಮತ್ತೆ ಒಂದೆರಡು ದಶಕ ಆತುರಪಡಲಿಲ್ಲ. ಹಳೇ ನುಡಿಯಲ್ಲಿ ಕಂಪ್ಯೂಟರಿನ ಹೊಟ್ಟೆಯಲ್ಲಿರುವುದು ಇಂಗ್ಲಿಷ್ ಅಕ್ಷರಗಳೇ; ಫಾಂಟು ಮೇಲಿಂದ ಕನ್ನಡದ ವೇಷ ಕಟ್ಟುತ್ತದೆ. ಫಾಂಟಿಲ್ಲದ ಮೊಬೈಲಿನಲ್ಲಿ ವೇಷ ಕಳಚಿ, ತಲೆಗೆ ಟೋಪಿ ಇಟ್ಟ ರೋಮನ್ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತವೆ. ಗೂಗಲ್‌ಗೆ ಅದರಲ್ಲಿ ಅಪ್ಸರೆಯೂ ಕಾಣಳು, ಕೊಂಡವೂ ಕಾಣದು. ಪುಕ್ಕಟೆ ಪರಿವರ್ತಕವೊಂದಕ್ಕೆ ಹಾಕಿದೆವು. ಹಳೇ ಪದ್ಧತಿಯಲ್ಲಿ ಅರ್ಕಾವತ್ತು ವ್ಯಂಜನದ ಹಿಂದೆ ಕೂರುವುದರಿಂದ, ಪರಿವರ್ತಕ ಅದನ್ನು ಕೂತಲ್ಲೇ ಬಿಟ್ಟಿತು. ಕರ್ನಾಟಕ ‘ಕನಾರ್ಟಕ’ವಾಯಿತು, ದರ್ಶನದ ಸಮಯ ‘ದಶರ್ನದ ಸಮಯ’, ಪಕ್ಕದ ಕರ್ಕಿ ‘ಕಕಿರ್’. ತಿದ್ದುವ ಪ್ರಸ್ತಾವಕ್ಕೆ ಅನುಮೋದಕರು ಸಿಗಲಿಲ್ಲ. ಕರ್ಕಿಯವರು ಆಕ್ಷೇಪಿಸಿದರೆ ನೋಡೋಣ ಎಂದಾಗಿದೆ.

ಜಲಪಾತದ ಮಟ್ಟಿಗೆ ಶುಭಸುದ್ದಿ ಇದೆ. ಫ್ಲ್ಯಾಶ್ ಪ್ಲೇಯರ್ ಇಲ್ಲದೆಯೇ ಹಳೇ ಫ್ಲ್ಯಾಶ್ ಕಡತ ಓಡಿಸುವ ‘ರಫಲ್’ ಎಂಬ ಮುಕ್ತ ತಂತ್ರಾಂಶವಿದೆ, ಪುಕ್ಕಟೆ. ಹಾಕಿದ ಮರುಗಳಿಗೆ ನೀರು ಧುಮುಕಿತು, ಕೊಳಲೂ ಕೇಳಿತು. ಅಪ್ಸರೆ ಮಾತ್ರ ನಗಲಿಲ್ಲ. ಅವಳ ನಗುವನ್ನು ಎರಡನೆಯ ಹಂತಕ್ಕೆ ಇಟ್ಟುಕೊಂಡಿದ್ದೇವೆ.

ಈಗ ಪುನಃಪ್ರತಿಷ್ಠೆಯ ಅಂದಾಜುಪಟ್ಟಿ. ಚಪ್ಪರ, ಧ್ವನಿವರ್ಧಕ, ಆಮಂತ್ರಣ ಪತ್ರಿಕೆ, ಮಧ್ಯಾಹ್ನದ ಊಟ, ರಾತ್ರಿ ಯಕ್ಷಗಾನ, ಗುಂಡಿ ಒತ್ತಲು ಬರುವ ಗಣ್ಯರಿಗೆ ಹಾರ, ಆ ಗುಂಡಿ ಇಡಲು ಮೇಜು: ಇವಕ್ಕೆಲ್ಲ ದಾನಿಗಳು ನಾ ಮುಂದು ತಾ ಮುಂದು ಎಂದು ಹೆಸರು ಕೊಟ್ಟಿದ್ದಾರೆ. ವಾರ್ಷಿಕ ನಿರ್ವಹಣೆ ಎಂಬ ಬಾಬ್ತಿನ ಎದುರು ಒಂದು ಅಡ್ಡಗೆರೆ ಇದೆ. ನಿರ್ವಹಣೆಗೆ ಕೊಟ್ಟವರ ಹೆಸರನ್ನು ಯಾವ ಕಲ್ಲಿನ ಮೇಲೆ ಕೆತ್ತಿಸುವುದು ಎಂಬ ಪ್ರಶ್ನೆಗೆ ನಮ್ಮಲ್ಲೂ ಉತ್ತರವಿರಲಿಲ್ಲ.

ಕಡೆಯದಾಗಿ ಒಂದು ತಾಂತ್ರಿಕ ಟಿಪ್ಪಣಿ. ದೇವರ ಅಷ್ಟಬಂಧ ಹನ್ನೆರಡು ವರ್ಷ ತಾಳುತ್ತದೆ, ಪಿಎಚ್‌ಪಿಯ ಒಂದು ಆವೃತ್ತಿ ನಾಲ್ಕೇ ವರ್ಷ. ಹೊಸ ತಾಣವನ್ನು ನಿಲ್ಲಿಸಿರುವ 8.4ರ ಬೆಂಬಲ 2028ರ ಡಿಸೆಂಬರ್ 31ಕ್ಕೆ ಮುಗಿಯಲಿದೆ. ಈ ಕಾರಣದಿಂದ ಜೀರ್ಣೋದ್ಧಾರ ಸಮಿತಿಯನ್ನು ವಿಸರ್ಜಿಸಿಲ್ಲ. ಹೊಸ ಪಾಸ್‌ವರ್ಡ್ ಅಧ್ಯಕ್ಷರ ತಮ್ಮನ ಮಗಳ ಹತ್ತಿರ ಇದೆ. ಅವಳು ಬರುವ ತಿಂಗಳು ಪುಣೆಯಲ್ಲಿ ಕೆಲಸಕ್ಕೆ ಸೇರಬೇಕು.