ಇರವಿಗೆ ಪ್ರಮಾಣ

ಪರದೇಶದಲ್ಲಿ ನೆಲಸಿದವನಿಗೆ, ಆತ್ಮವು ಇದೆಯೋ ಇಲ್ಲವೋ ಎಂಬ ವೇದಾಂತದ ಜಿಜ್ಞಾಸೆಗಿಂತ, ತಾನು ಅಲ್ಲಿ ಇರುವುದಕ್ಕೆ ಪ್ರಮಾಣವೇನೆಂಬ ಪ್ರಶ್ನೆಯೇ ಗಹನವಾದುದು. ಥಾಯ್ಲೆಂಡಿನ ಸರ್ಕಾರವು ಈ ವಿಷಯದಲ್ಲಿ ಪ್ರತ್ಯಕ್ಷವನ್ನೂ ಅನುಮಾನವನ್ನೂ ಬದಿಗಿರಿಸಿ, ಶಬ್ದಪ್ರಮಾಣವನ್ನು, ಅದರಲ್ಲಿಯೂ ನಮೂನೆಯಲ್ಲಿ ತುಂಬಿಕೊಟ್ಟ ಶಬ್ದವನ್ನು ಮಾತ್ರ, ಅಂಗೀಕರಿಸಿದೆ.

ವಿದೇಶೀಯನು ಬಂದಿಳಿದ 24 ಗಂಟೆಗಳೊಳಗೆ ಮನೆಯ ಯಜಮಾನನು ಟಿಎಂ 30 ಎಂಬ ನಮೂನೆಯಲ್ಲಿ ಆ ಸಂಗತಿಯನ್ನು ಅರಿಕೆಮಾಡತಕ್ಕದ್ದು. ವಾಸದ ಅವಧಿ ಬೆಳೆಯಬೇಕಾದರೆ ಟಿಎಂ 7ನ್ನು ತುಂಬಿ 1,900 ಬಾತ್ ದಕ್ಷಿಣೆಯನ್ನು ಸಲ್ಲಿಸತಕ್ಕದ್ದು. ಅನುಗ್ರಹ ದೊರೆತ ಮೇಲೂ 90 ದಿನಗಳಿಗೊಮ್ಮೆ ಟಿಎಂ 47ರ ಮುಖೇನ ತನ್ನ ವಿಳಾಸವನ್ನು ನಿವೇದಿಸತಕ್ಕದ್ದು. ಹೆತ್ತ ತಾಯಿಗೆ ವರುಷಕ್ಕೊಂದು ಕಾಗದವನ್ನೂ ಬರೆಯದ ಸುಪುತ್ರನು ಈ ಅಧಿಕಾರಿಗಳಿಗೆ ತಪ್ಪದೆ ಕ್ಷೇಮಸಮಾಚಾರ ತಿಳಿಸುತ್ತಿರುವನೆಂದರೆ, 2,000 ಬಾತ್ ದಂಡದ ಭಯವು ವಾತ್ಸಲ್ಯಕ್ಕಿಂತ ಬಲವತ್ತರವೆಂದೇ ಹೇಳಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಪುನಃಪ್ರವೇಶದ ಪರವಾನಗಿ. ಒಂದು ಪ್ರಯಾಣಕ್ಕೆ 1,000, ಹಲವು ಪ್ರಯಾಣಗಳಿಗೆ 3,800 ಬಾತ್ ತೆತ್ತು ಅದನ್ನು ಪಡೆಯದೆ, ಸೋದರಮಾವನ ಮಗಳ ಮದುವೆಗೆಂದು ಬೆಂಗಳೂರಿಗೆ ಹೊರಟ ಮಹನೀಯನ ವರ್ಷಕಾಲದ ಅನುಮತಿಯು, ಅವನು ಗಡಿ ದಾಟಿದೊಡನೆಯೇ ಅಸುನೀಗುತ್ತದೆ. ಹೋಳಿಗೆಯುಂಡು ಹಿಂದಿರುಗಿದವನು, ಆ ನೆಲದಲ್ಲಿ ದಶಕವನ್ನೇ ಕಳೆದಿದ್ದರೂ, ಕಾಗದದ ದೃಷ್ಟಿಯಲ್ಲಿ ಹೊಸದಾಗಿ ಹುಟ್ಟಿದ ಶಿಶುವೇ ಸರಿ.

ಆದುದರಿಂದ, ಪರದೇಶವಾಸವನ್ನು ಬಯಸುವ ವಾಚಕ ಮಹಾಶಯರೆ, ಅವಧಿ ಮೀರಿ ದಿನವೊಂದಕ್ಕೆ 500 ಬಾತಿನಂತೆ ದಂಡ ತೆರುವುದಕ್ಕಿಂತ, ಇರುವ ಕಾಗದಗಳಿಗೆಲ್ಲ ಎರಡೆರಡು ನಕಲು ಮಾಡಿಸಿ, ಪುಟಪುಟಕ್ಕೂ ರುಜು ಹಾಕಿ, ಬೆಳಗಾಗುತ್ತಲೇ ಸಾಲಿನಲ್ಲಿ ನಿಲ್ಲುವುದು ಲೇಸು; ವೇದಾಂತವನ್ನು ಆ ಸಾಲಿನಲ್ಲಿಯೇ ಸಾವಕಾಶವಾಗಿ ಚಿಂತಿಸಬಹುದು.